ಪುಳ್ಳಿಗೊಂದು ಚಮಚ, ಅಜ್ಜನಿಗೊಂದು

ಮೂವತ್ತು ವರ್ಷಕ್ಕೂ ಮಿಕ್ಕಿ ಹೈಸ್ಕೂಲುಗಳಲ್ಲಿ ಪೀಟಿ ಮಾಸ್ಟ್ರಾಗಿದ್ದವನು ನಾನು. ಕಡಬದಲ್ಲಿದ್ದಾಗ ನನ್ನ ಸೀಟಿಯ ಒಂದೇ ಸದ್ದಿಗೆ ಇಡೀ ಮೈದಾನ ಸಾಲಾಗಿ ನಿಲ್ಲುತ್ತಿತ್ತು. ಈಗಲೂ ಪುತ್ತೂರು ಪೇಟೆಯಲ್ಲಿ ತಲೆ ನರೆತ ಗಂಡಸರು ನನ್ನನ್ನು ಕಂಡರೆ ಕೈಯಲ್ಲಿದ್ದ ಸಿಗರೇಟನ್ನು ಬೆನ್ನ ಹಿಂದಕ್ಕೆ ಸರಿಸುತ್ತಾರೆ. ಅಂಥ ನನಗೆ ಕಳೆದ ವರ್ಷ ಒಬ್ಬಳು ಕವಡೆ ಕಾಸಿನ ಕಿಮ್ಮತ್ತೂ ಕೊಡಲಿಲ್ಲ. ಆಗ ಅವಳಿಗೆ ಆರು ತಿಂಗಳು. ಬಾಯಲ್ಲಿ ಹಲ್ಲಿಲ್ಲ, ನೆಟ್ಟಗೆ ಕೂರಲು ಬರುವುದಿಲ್ಲ, ಎರಡು ದಿಂಬುಗಳ ನಡುವೆ ಇಟ್ಟರೆ ನಿಧಾನವಾಗಿ ಒಂದು ಮಗ್ಗುಲಿಗೆ ವಾಲುತ್ತಾಳೆ. ನನ್ನ ಮಗಳ ಮಗಳು. ಮೊಮ್ಮಕ್ಕಳಿಗೆ ನಮ್ಮಲ್ಲಿ ಪುಳ್ಳಿ ಎನ್ನುತ್ತೇವೆ. ಇವಳು ನನ್ನ ಮೊದಲ ಪುಳ್ಳಿ.

ನಾನು ಕೇಳಿದ್ದು ದೊಡ್ಡದೇನಲ್ಲ. ಬಾಯಿ ತೆರೆ ಎಂದೆ. ತೆರೆಯಲಿಲ್ಲ.

ಯಾಕೆ ತೆರೆಯಲೇಬೇಕಿತ್ತು ಎಂದರೆ ನನ್ನ ಮಗಳ ಬಗ್ಗೆ ಹೇಳಬೇಕು. ಅವಳು ಪುತ್ತೂರಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮದುವೆಮನೆಗಳಲ್ಲಿ ಯಾರಾದರೂ "ಮಗಳು ಡಿಪೋದಲ್ಲಂತೆ, ಆಫೀಸಿನಲ್ಲಾ?" ಎಂದು ಕೇಳಿದರೆ ನಾನು "ಅಲ್ಲ, ಬಸ್ಸಿನ ಅಡಿಯಲ್ಲಿ" ಎನ್ನುತ್ತೇನೆ. ಆಮೇಲೆ ಅವರ ಮುಖ ನೋಡುವುದು ನನಗೆ ಪಾಯಸಕ್ಕಿಂತ ರುಚಿ. ಶಾಲೆಯಲ್ಲಿ ಅವಳಿಗೆ ಗುಂಡೆಸೆತ ಕಲಿಸಿದವನು ನಾನೇ. ಆ ತೋಳಿನಲ್ಲಿ ಈಗ ಅವಳು ಬಸ್ಸಿನ ಚಕ್ರದ ನಟ್ಟು ಬಿಚ್ಚುತ್ತಾಳೆ. ನನ್ನ ಸರ್ವೀಸಿನಲ್ಲಿ ಹತ್ತನೇ ತರಗತಿಯವರೆಗೆ ಗಾಳಿಯ ಹಾಗೆ ಓಡಿದ ಎಷ್ಟೋ ಹುಡುಗಿಯರನ್ನು ನೋಡಿದ್ದೇನೆ. ಆಮೇಲೆ ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ, ಸೊಂಟದಲ್ಲಿ ಮಗು ಇಟ್ಟುಕೊಂಡು, "ಈಗ ಎಲ್ಲಿಯ ಓಟ ಸಾರ್" ಎಂದು ನಗುತ್ತಿದ್ದರು. ಆ ನಗು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು, ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು. ನನ್ನ ಮಗಳು ಹಾಗೆ ನಗಬಾರದು ಎಂಬುದು ನನ್ನ ಹಠ.

ಹೆರಿಗೆ ರಜೆ ಮುಗಿದಿತ್ತು. ಮೇಲೆ ಒಂದು ತಿಂಗಳು ಕೇಳಿ ಪಡೆದಿದ್ದಳು, ಇನ್ನು ಸಿಗುವ ಹಾಗಿರಲಿಲ್ಲ. ಅಳಿಯನದು ಸುಳ್ಯದಲ್ಲಿ ವೈರಿಂಗ್ ಕೆಲಸ, ಮನೆ ಮರ್ಕಂಜದಲ್ಲಿ. ಅಲ್ಲಿಂದ ದಿನಾ ಡಿಪೋಗೆ ಬಂದು ಹೋಗುವುದು ಆಗದ ಮಾತು. ಹಾಗಾಗಿ ತಾಯಿ ಮಗು ಕಬಕದ ನಮ್ಮ ಮನೆಯಲ್ಲಿ, ಅಳಿಯ ವಾರದಲ್ಲಿ ಎರಡು ಮೂರು ಸಲ ಬಂದು ಹೋಗುವುದು. ನನ್ನ ಹೆಂಡತಿ ಪ್ರೈಮರಿ ಶಾಲೆಯ ಟೀಚರು, ನಿವೃತ್ತಿಗೆ ಇನ್ನೂ ಸಮಯವಿದೆ. ಹಗಲಿಡೀ ಮನೆಯಲ್ಲಿರುವವನು ನಾನೊಬ್ಬನೇ. ಮಗುವೋ, ತಾಯಿಯ ಹಾಲು ಬಿಟ್ಟರೆ ಜಗತ್ತಿನಲ್ಲಿ ಬೇರೆ ಆಹಾರವಿದೆ ಎಂದು ಒಪ್ಪುವವಳೇ ಅಲ್ಲ. ಬಾಟಲಿ ಕಂಡರೆ ಕೈಯಲ್ಲಿ ತಳ್ಳುವುದು, ಚಮಚ ಕಂಡರೆ ಮುಖ ತಿರುಗಿಸುವುದು. ಡಾಕ್ಟರು "ಆರು ತಿಂಗಳು ಆಯ್ತಲ್ಲ, ಮೆತ್ತಗೆ ಬೇಯಿಸಿದ ಹಣ್ಣಿನಿಂದ ಶುರು ಮಾಡಿ, ಅವಸರ ಬೇಡ" ಎಂದಿದ್ದರು. ಅವಸರ ಬೇಡ ಎನ್ನಲು ಅವರಿಗೇನು, ಡಿಪೋದವರು ಕೇಳಬೇಕಲ್ಲ.

"ಅಪ್ಪ, ಇದು ಹೀಗೇ ಆದ್ರೆ ನಾನು ಕೆಲಸ ಬಿಡುದೇ" ಎಂದಳು ಮಗಳು, ಒಂದು ಸಂಜೆ ಜಗಲಿಯಲ್ಲಿ ಮಗುವಿಗೆ ಹಾಲು ಕುಡಿಸುತ್ತ. "ಇಲ್ಲಿ ಇದು ಹಸಿದು ಕೂಗುವಾಗ ಅಲ್ಲಿ ನನಗೆ ಸ್ಪ್ಯಾನರ್ ಹಿಡಿಯಲಿಕ್ಕೆ ಮನಸ್ಸು ಬರ್ಬೇಕಲ್ಲ."

"ಒಂದು ತಿಂಗಳು ಉಂಟಲ್ಲ. ನಾನಿದ್ದೇನೆ. ನಾನು ತಿನ್ನಿಸ್ತೇನೆ."

ಒಳಗಿನಿಂದ ನನ್ನ ಹೆಂಡತಿ ನಕ್ಕದ್ದು ಕೇಳಿಸಿತು. "ಯಾರು, ನೀವಾ? ಚಾಕ್ಕೆ ಇಟ್ಟ ಹಾಲು ಉಕ್ಕಿಸದೆ ಇಳಿಸಿದ ದಿನ ಉಂಟಾ ಮಾರಾಯ್ರೆ?"

ಮರುದಿನವೇ ಪುತ್ತೂರಿಗೆ ಹೋಗಿ ನಾಲ್ಕು ಆಪಲ್ ತಂದೆ. ಒಳ್ಳೆಯ ಕೆಂಪು, ಮೇಣ ಉಜ್ಜಿದ ಹಾಗೆ ಹೊಳೆಯುವವು. ಸಿಪ್ಪೆ ತೆಗೆದು, ತುಂಡು ಮಾಡಿ, ಬೇಯಿಸಿ, ಚಾ ಸೋಸುವ ಜಾಲರಿಯಲ್ಲಿ ಹಾಕಿ ಚಮಚದ ಬೆನ್ನಿನಿಂದ ಉಜ್ಜಿದೆ. ಅರ್ಧ ಗಂಟೆ ಉಜ್ಜಿದ ಮೇಲೆ ಬಟ್ಟಲಲ್ಲಿ ಬಿದ್ದದ್ದು ಎರಡು ಚಮಚ. ಅದನ್ನು ಹಿಡಿದುಕೊಂಡು ಪುಳ್ಳಿಯ ಎದುರು ಚಕ್ಕಳಮಕ್ಕಳ ಹಾಕಿ ಕೂತೆ. "ಆ" ಎಂದೆ. ಅವಳು ನನ್ನ ಕನ್ನಡಕ ನೋಡಿದಳು. ಮತ್ತೆ "ಆ" ಎಂದೆ, ಬಾಯಿ ಅಗಲಿಸಿ ತೋರಿಸಿದೆ. ಅವಳು ತುಟಿಗಳನ್ನು ಇನ್ನಷ್ಟು ಬಿಗಿದಳು. ಹೊರಗೆ ವಿಟ್ಲದ ಬಸ್ಸು ಹಾರ್ನ್ ಹೊಡೆಯಿತು. ಅದಕ್ಕೆ ಆಶ್ಚರ್ಯಪಟ್ಟು ಬಾಯಿ ತೆರೆದದ್ದೇ ನಾನು ಚಮಚ ನುಗ್ಗಿಸಿದೆ. ಒಂದು ಕ್ಷಣ ಸುಮ್ಮನಿದ್ದಳು. ಆಮೇಲೆ ಫುರ್ ಎಂದು ಊದಿದಳು. ಕನ್ನಡಕ, ಮೀಸೆ, ಅಂಗಿ, ಎಲ್ಲ ಕಡೆ ಆಪಲ್.

ಪೀಟಿ ಮಾಸ್ಟ್ರಿಗೆ ಶಿಸ್ತು ಬಿಟ್ಟರೆ ಬೇರೆ ಉಪಾಯ ಬರುವುದಿಲ್ಲ. ದಿನಾ ಅದೇ ಹೊತ್ತು, ಅದೇ ಚಾಪೆ, ಅದೇ ಬಟ್ಟಲು. ಸೀಟಿ ಕೂಡ ಊದಿ ನೋಡಿದೆ, ಸುಳ್ಳು ಯಾಕೆ ಹೇಳಲಿ. ಸೀಟಿಗೆ ಅವಳು ಕೇಕೆ ಹಾಕಿ ನಕ್ಕಳು, ಚಮಚಕ್ಕೆ ಮಾತ್ರ ಬಾಯಿ ಬೀಗ. ಪಪ್ಪಾಯಿ ಬೇಯಿಸಿದೆ, ಉಗುಳಿದಳು. ಪೇರಳೆ ಬೇಯಿಸಿ ಬೀಜ ಸೋಸಿದೆ, ಉಗುಳಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ನಾವು ಆಡುವ ಮಾತಿನ ಅರ್ಥ ನನಗೆ ಅರುವತ್ತನೆಯ ವಯಸ್ಸಿನ ಮೇಲೆ ತಿಳಿಯಿತು.

ನಮ್ಮ ಆಚೆ ಮನೆಯಲ್ಲಿ ಬ್ಯಾರಿ ಮುಸ್ಲಿಂ ಕುಟುಂಬದ ಹಿರಿಯ ಹೆಂಗಸೊಬ್ಬರಿದ್ದಾರೆ. ಗಂಡುಮಕ್ಕಳು ಗಲ್ಫಿನಲ್ಲಿ, ಮನೆ ತುಂಬ ಸೊಸೆಯಂದಿರು, ಮೊಮ್ಮಕ್ಕಳು. ಓಣಿಯವರೆಲ್ಲ ಅವರನ್ನು ಅಮ್ಮ ಎಂಬರ್ಥದಲ್ಲಿ ಉಮ್ಮ ಎಂದೇ ಕರೆಯುವುದು, ನಾನೂ ಹಾಗೆಯೇ. ನಾನು ಅಂಗಳದಲ್ಲಿ ಅಂಗಿ ತೊಳೆಯುವುದನ್ನು ನಾಲ್ಕು ದಿನ ನೋಡಿದ ಉಮ್ಮ ಐದನೆಯ ದಿನ ಬೇಲಿಯ ಹತ್ತಿರ ಬಂದರು.

"ಎಂತ ಮಾಸ್ಟ್ರೆ, ದಿನಾ ಅಂಗಿಗೇ ತಿನ್ನಿಸುದಾ?"

"ತಿನ್ನುದೇ ಇಲ್ಲ ಉಮ್ಮ. ಮಂಡೆ ಬಿಸಿಯಾಗಿದೆ."

"ಆಪಲ್ ಎಲ್ಲ ಯಾಕೆ? ನೇಂದ್ರ ಇಲ್ವಾ ನಿಮ್ಮಲ್ಲಿ?"

ಇಲ್ಲಿ ನಾನು ಒಂದು ವಿಷಯ ಹೇಳಬೇಕು. ನನಗೆ ಶುಗರ್. ವರ್ಷಗಳಾದವು. ನನಗೆ ಜನ್ಮದಲ್ಲಿ ಅತಿ ಇಷ್ಟವಾದ ವಸ್ತು ನೇಂದ್ರ ಬಾಳೆಹಣ್ಣು. ಅದರಲ್ಲೂ ಹಬೆಯಲ್ಲಿ ಬೇಯಿಸಿ ತುಪ್ಪ ಸವರಿದ್ದು. ಹಾಗಾಗಿ ಡಾಕ್ಟರ ಮಾತು ಕೇಳಿ ಬಂದ ದಿನವೇ ನನ್ನ ಹೆಂಡತಿ ನೇಂದ್ರವನ್ನು ಮನೆಯಿಂದ ಗಡಿಪಾರು ಮಾಡಿದ್ದಳು. ಮರ್ಕಂಜದ ಬೀಗರು ಗೊನೆ ಕಳಿಸಿದರೂ ಅದು ನಮ್ಮ ಅಂಗಳದಿಂದಲೇ ಆಚೆ ಮನೆಗೆ ದಾಟುತ್ತಿತ್ತು. ನಾನು ಜಗಲಿಯಲ್ಲಿ ಕೂತು ಬೀಳ್ಕೊಡುತ್ತಿದ್ದೆ.

ಈಗ ಪುಳ್ಳಿಯ ಹೆಸರಿನಲ್ಲಿ ನೇಂದ್ರಕ್ಕೆ ಮತ್ತೆ ಪ್ರವೇಶ ಸಿಕ್ಕಿತು. ಅಳಿಯ ಸ್ಕೂಟರಿನ ಹಿಂದೆ ಒಂದು ಗೊನೆ ಕಟ್ಟಿಕೊಂಡು ಬಂದ. ಹೆಂಡತಿ ಅದನ್ನು ಅಡುಗೆಮನೆಯ ಜಂತಿಗೆ ತೂಗಿಸಿ, ನನ್ನ ಕಡೆ ತಿರುಗಿ, "ಇದು ಮಗುವಿಗೆ" ಎಂದಳು. ಒಂದೇ ಸಲ ಹೇಳಿದಳು. ಶಾಲೆಯಲ್ಲಿ ಅವಳು ಯಾವುದನ್ನೂ ಎರಡು ಸಲ ಹೇಳುವುದಿಲ್ಲವಂತೆ.

ಬೇಯಿಸುವ ಕ್ರಮ ಉಮ್ಮ ಹೇಳಿಕೊಟ್ಟರು. ಹಳದಿಯಾಗಿ ನೋಡಲು ಚಂದ ಇರುವ ಹಣ್ಣು ಬೇಡ, ಅದು ಮಕ್ಕಳ ಹೊಟ್ಟೆಯನ್ನು ಕಟ್ಟಿಹಾಕುತ್ತದೆ. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ತುಂಬಿ, ಮುಟ್ಟಿದರೆ ಬೆರಳು ಇಳಿಯುವಂಥದ್ದು ಆಗಬೇಕು. ಸಿಪ್ಪೆ ಸಮೇತ ಎರಡು ತುಂಡು ಮಾಡಿ ಇಡ್ಲಿ ಪಾತ್ರೆಯಲ್ಲಿಡುವುದು. ಸಿಪ್ಪೆ ತಾನಾಗಿ ಬಿರಿದು ಹಣ್ಣು ಹೊರಗೆ ಇಣುಕಿದಾಗ ಇಳಿಸುವುದು. ಆಮೇಲೆ ಉದ್ದಕ್ಕೆ ಸೀಳಿ, ನಡುವೆ ಇರುವ ಕಪ್ಪು ಬೀಜದ ದಾರವನ್ನು ಎಳೆದು ಬಿಸಾಡುವುದು. "ಅದನ್ನು ತೆಗೆಯದಿದ್ರೆ ನಾಳೆ ಮಗುವಿನ ಬಟ್ಟೆಯಲ್ಲಿ ಕಪ್ಪು ಕಪ್ಪು ಕಾಣ್ತದೆ, ಹುಳ ಅಂತ ನೀವೇ ಬೊಬ್ಬೆ ಹಾಕ್ತೀರಿ. ನನ್ನ ದೊಡ್ಡ ಸೊಸೆ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದಾಳೆ" ಎಂದರು ಉಮ್ಮ. ಉಳಿದ ಹಣ್ಣನ್ನು ಕಿವುಚಿ, ಕಾದಾರಿದ ನೀರು ಒಂದು ಚಮಚ, ತುಪ್ಪ ಎರಡು ಹನಿ. ನೋಡಿದರೆ ಬಂಗಾರದ ಬಣ್ಣ. ಮನೆ ತುಂಬ ಅದರ ಪರಿಮಳ. ವರ್ಷಗಳ ಮೇಲೆ ಆ ಪರಿಮಳ ಮೂಗಿಗೆ ಬಿದ್ದಾಗ ನನ್ನ ಕಣ್ಣಲ್ಲಿ ನೀರು ಬಂತು ಎಂದರೆ ನಗಬೇಡಿ.

ಮಹಾರಾಣಿ ಅದನ್ನೂ ಉಗುಳಿದಳು.

ನನಗೆ ನಿಜವಾಗಿ ಸಿಟ್ಟು ನೆತ್ತಿಗೇರಿತು. ಮನೆಯೊಳಗೆ ಬೇರೆ ಯಾರೂ ಇರಲಿಲ್ಲ. ಹೆಂಡತಿ ಶಾಲೆಗೆ ಹೋಗಿದ್ದಳು, ಮಗಳು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. "ನಿನಗೆ ಬೇಡ್ವಾ? ಬೇಡದಿದ್ರೆ ಬಿಡು. ಇಂಥ ಹಣ್ಣನ್ನು ಉಗುಳುವವಳಿಗೆ ನಾನು ಕಾಲು ಹಿಡಿಯುದಿಲ್ಲ" ಎಂದು ಬಟ್ಟಲಿನಿಂದ ಒಂದು ದೊಡ್ಡ ಚಮಚ ತೆಗೆದು ನನ್ನ ಬಾಯಿಗೇ ಹಾಕಿಕೊಂಡೆ. ಸಿಟ್ಟಿನಲ್ಲಿ ತಿಂದೆನೋ ಆಸೆಯಲ್ಲಿ ತಿಂದೆನೋ, ದೇವರಿಗೇ ಗೊತ್ತು. ಕಣ್ಣು ಮುಚ್ಚಿ ಚಪ್ಪರಿಸಿದೆ. ಕಣ್ಣು ತೆರೆದಾಗ ಪುಳ್ಳಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನನ್ನ ದವಡೆ ಆಡಿದ ಹಾಗೆ ಅವಳ ತುಟಿ ಆಡುತ್ತಿತ್ತು. ಆಮೇಲೆ ನಿಧಾನವಾಗಿ, ಯಾರೂ ಕೇಳದೆ, ಬಾಯಿ ತೆರೆದಳು.

ಚಮಚದ ತುದಿಯಲ್ಲಿ ಚೂರು ಹಣ್ಣು ಇಟ್ಟೆ. ಒಳಗೆ ಹೋಯಿತು. ನಾಲಗೆ ಅದನ್ನು ಹೊರಗೆ ತಳ್ಳಿತು, ಮತ್ತೆ ಒಳಗೆ ಎಳೆಯಿತು, ಹುಬ್ಬು ಗಂಟಿಕ್ಕಿ ಯೋಚನೆ ಮಾಡಿದಳು, ನುಂಗಿದಳು. ಮತ್ತೆ ನನ್ನ ಬಾಯಿ ನೋಡಿದಳು. ನಾನು ಎರಡನೆಯ ಚಮಚ ಅವಳಿಗೇ ಹಿಡಿದೆ. ಬಾಯಿ ಮುಚ್ಚಿತು. ನನಗೊಂದು ಹಾಕಿಕೊಂಡೆ. ಬಾಯಿ ತೆರೆಯಿತು.

ನಮ್ಮ ಊರಿನ ಊಟದ ಪಂಕ್ತಿಯಲ್ಲಿ ಒಂದು ಮರ್ಯಾದೆ ಉಂಟು. ಪಕ್ಕದ ಎಲೆಗೆ ಬಡಿಸುವ ಮೊದಲು ಯಾರೂ ಕೈ ಹಾಕುವುದಿಲ್ಲ. ಎಷ್ಟೇ ಹಸಿವಾಗಿರಲಿ, ಸಾಲಿನ ಕೊನೆಯವನಿಗೂ ಅನ್ನ ಬೀಳಬೇಕು. ಹಲ್ಲು ಬಾರದ ಈ ಹುಡುಗಿಗೆ ಅದನ್ನು ಯಾರು ಹೇಳಿಕೊಟ್ಟರೋ. ಪಂಕ್ತಿಯಲ್ಲಿ ಅಜ್ಜನ ಎಲೆ ಖಾಲಿ ಇದ್ದರೆ ಅವಳು ಉಣ್ಣುವುದಿಲ್ಲ. ಉಮ್ಮನಿಗೆ ಹೇಳಿದಾಗ ಅವರು ಆಶ್ಚರ್ಯವನ್ನೇ ಪಡಲಿಲ್ಲ. "ಒಬ್ಬಳೇ ಕೂತು ಉಣ್ಣುದು ಯಾರಿಗೆ ಇಷ್ಟ ಮಾಸ್ಟ್ರೆ? ನಮ್ಮಲ್ಲಿ ಒಂದೇ ತಟ್ಟೆಗೆ ಆರು ಕೈ ಹಾಕುದು" ಎಂದರು.

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ನನ್ನ ಸ್ಥಿತಿ ಅದೇ ಆಯಿತು. ಆದರೂ ನಾನು ಮೊದಮೊದಲು ಮೋಸ ಮಾಡದೆ ಇರಲಿಲ್ಲ. ಮಗುವಿಗೆ ಮೋಸ, ಹೆಂಡತಿಗೆ ನಿಯತ್ತು. ಖಾಲಿ ಚಮಚ ಬಾಯಿಗಿಟ್ಟು ಚಪ್ಪರಿಸಿದೆ. ಪುಳ್ಳಿ ಕುತ್ತಿಗೆ ಮುಂದೆ ಚಾಚಿ ನನ್ನ ತುಟಿಯ ಮೇಲೆ ಹಣ್ಣು ಉಂಟೋ ಎಂದು ನೋಡಿದಳು. ಇಲ್ಲ. ಬಾಯಿ ಬೀಗ. ಕಬಡ್ಡಿ ಅಂಪೈರುಗಳಿಗೆ ಆ ಕಣ್ಣು ಇದ್ದಿದ್ದರೆ ನನ್ನ ಶಾಲೆಗೆ ಇನ್ನೂ ನಾಲ್ಕು ಟ್ರೋಫಿ ಬರುತ್ತಿತ್ತು. ನನ್ನ ಪಾಲಿಗೆ ಬೇರೆ ಬಟ್ಟಲಿನಲ್ಲಿ ಬೇಯಿಸಿದ ಸೋರೆಕಾಯಿ ಇಟ್ಟೆ. ಅದಕ್ಕೂ ಒಪ್ಪಿಗೆ ಇಲ್ಲ, ಒಂದೇ ಬಟ್ಟಲಿನಿಂದ ಆಗಬೇಕು. ಕೊನೆಗೆ ನಾನು ಕೈಚೆಲ್ಲಿದೆ. ಖುಷಿಯಿಂದಲೇ ಕೈಚೆಲ್ಲಿದೆ ಎಂದೂ ಹೇಳಿಬಿಡುತ್ತೇನೆ.

ಎರಡು ವಾರದಲ್ಲಿ ಅವಳು ಅರ್ಧ ಹಣ್ಣು ತಿನ್ನುವಷ್ಟಾದಳು. ಹಣ್ಣು ತಿಂದ ಉತ್ಸಾಹದಲ್ಲಿ ಅದೇ ಚಮಚದಿಂದ ತಾಯಿ ತೆಗೆದಿಟ್ಟ ಹಾಲನ್ನೂ ಕುಡಿಯತೊಡಗಿದಳು. ಮಗಳು ಬಾಗಿಲ ಸಂದಿನಿಂದ ಇಣುಕಿ ನೋಡಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ನನ್ನ ಬೆನ್ನು ಅವಳ ಕಡೆಗಿದ್ದದ್ದರಿಂದ ನನ್ನ ಪಾಲಿನ ಚಮಚ ಅವಳಿಗೆ ಕಾಣಲಿಲ್ಲ. ಕೆಲಸಕ್ಕೆ ಸೇರುವ ದಿನ ಬೆಳಿಗ್ಗೆ ನೀಲಿ ಸಮವಸ್ತ್ರ ಹಾಕಿ, ಕೂದಲು ಮೇಲಕ್ಕೆ ಕಟ್ಟಿ, ಗೇಟಿನ ತನಕ ಹೋಗಿ ಮೂರು ಸಲ ಹಿಂದೆ ಬಂದಳು. ಮಧ್ಯಾಹ್ನ ಫೋನು.

"ತಿಂದಳಾ ಅಪ್ಪ?"

"ತಿಂದಳು. ಹಾಲೂ ಕುಡಿದಳು. ಈಗ ನಿದ್ದೆ. ನಿನ್ನದು ಊಟ ಆಯ್ತಾ?"

ಅತ್ತ ಕಡೆ ಯಾವುದೋ ಬಸ್ಸು ಸ್ಟಾರ್ಟ್ ಆದ ಸದ್ದು. "ಅದು ನಾನು ಸರಿ ಮಾಡಿದ ಗಾಡಿ, ಸುಬ್ರಹ್ಮಣ್ಯಕ್ಕೆ ಹೋಗುದು" ಎಂದಳು. ಆ ದಿನ ಸಂಜೆಯವರೆಗೆ ನಾನು ನೆಲದಿಂದ ಒಂದು ಗೇಣು ಮೇಲೆಯೇ ನಡೆದೆ.

ಅಲ್ಲಿಂದ ಆಚೆಗಿನ ದಿನಗಳು ನನ್ನ ಬದುಕಿನ ಒಳ್ಳೆಯ ದಿನಗಳು. ಬೆಳಿಗ್ಗೆ ಎಲ್ಲರೂ ಹೊರಟ ಮೇಲೆ ಇಡ್ಲಿ ಪಾತ್ರೆ ಒಲೆಗೇರುತ್ತಿತ್ತು. ಪುಳ್ಳಿ ಅಡುಗೆಮನೆಯ ಬಾಗಿಲಲ್ಲಿ ಕೂತು ಹಬೆಯ ಸದ್ದಿಗೆ ಕೈ ತಟ್ಟುತ್ತಿದ್ದಳು. ನಾನು ಬೀಜದ ದಾರ ಎಳೆದು ಅವಳಿಗೆ ತೋರಿಸಿ, "ಇದು ಔಟ್" ಎನ್ನುತ್ತಿದ್ದೆ. ಹಣ್ಣು ಬೇಯಿಸುವುದು ಒಂದೇ. ಅವಳಿಗೆ ಅರ್ಧ, ನನಗೆ ಅರ್ಧ, ಪಂಕ್ತಿಯಲ್ಲಿ ಭೇದ ಇರಬಾರದಲ್ಲ. ಕೆಲವೊಮ್ಮೆ ಇನ್ನೊಂದು ತೀರಾ ಹಣ್ಣಾಗಿ ಹಾಳಾದೀತು ಎಂಬ ಭಯದಿಂದ ಅದನ್ನೂ ನಾನೇ ವಿಲೇವಾರಿ ಮಾಡಿದ್ದುಂಟು. ಗೊನೆ ಮುಗಿಯಿತು, ಮರ್ಕಂಜದಿಂದ ಎರಡನೆಯದು ಬಂತು. ಪುಳ್ಳಿಗೆ ಕೆಳಗೆ ಎರಡು ಹಲ್ಲು ಬಂದವು, ಅಂಬೆಗಾಲು ಬಂತು. ನನಗೆ ಹೊಟ್ಟೆ ಬಂದು ಪಂಚೆಯ ಸುತ್ತು ಸ್ವಲ್ಪ ಕಡಿಮೆಯಾಯಿತು.

ನಮ್ಮಲ್ಲಿ ತಿಂಗಳಿಗೆ ಒಂದು ಭಾನುವಾರ ಬೆಳಿಗ್ಗೆ ನನ್ನ ಬೆರಳು ಚುಚ್ಚುವ ಕಾರ್ಯಕ್ರಮ. ಹೆಂಡತಿ ಪುಟ್ಟ ಮಿಷನ್ ಹಿಡಿದು ಬರುತ್ತಾಳೆ. ಹಿಂದಿನ ಎರಡು ತಿಂಗಳು ಮದುವೆ, ನೆಂಟರು ಎಂದು ಹೇಗೋ ತಪ್ಪಿಸಿಕೊಂಡಿದ್ದೆ. ಈ ಸಲ ತಪ್ಪಲಿಲ್ಲ. ಮಿಷನ್ನಿನಲ್ಲಿ ಬಂದ ಸಂಖ್ಯೆ ನೋಡಿ ಅವಳು ಅದನ್ನು ಅಂಗೈಗೆ ಎರಡು ಸಲ ತಟ್ಟಿದಳು. ತನ್ನ ಬೆರಳನ್ನೇ ಚುಚ್ಚಿ ನೋಡಿದಳು, ಸರಿಯಾಗಿಯೇ ಇತ್ತು. ಮತ್ತೆ ನನ್ನ ಇನ್ನೊಂದು ಬೆರಳು ಚುಚ್ಚಿದಳು. ಆಮೇಲೆ ತಲೆಯೆತ್ತಿ ಜಂತಿಯಲ್ಲಿ ತೂಗುತ್ತಿದ್ದ ಗೊನೆಯನ್ನು ನೋಡಿದಳು.

"ಒಂದು ಮಗು ದಿನಕ್ಕೆ ಅರ್ಧ ಹಣ್ಣು ತಿಂತದೆ" ಎಂದಳು, ಮಕ್ಕಳಿಗೆ ಬಾಯಿಲೆಕ್ಕ ಕೊಡುವ ದನಿಯಲ್ಲಿ. "ಹಾಗಾದ್ರೆ ಈ ಗೊನೆಯಲ್ಲಿ ಇನ್ನೂ ಎಷ್ಟು ಹಣ್ಣು ಇರ್ಬೇಕಿತ್ತು? ಇಲ್ಲದ ಹಣ್ಣು ಯಾರ ಹೊಟ್ಟೆಗೆ ಹೋಯ್ತು? ಎದ್ದು ನಿಂತು ಉತ್ತರ ಹೇಳಿ."

"ಬಾವಲಿ ಬಂದಿರ್ಬೇಕು" ಎಂದೆ.

"ಬಾವಲಿ ಹಣ್ಣನ್ನು ಬೇಯಿಸಿ, ಸಿಪ್ಪೆಯನ್ನು ಬುಟ್ಟಿಗೆ ಹಾಕುದಾ?"

ಇನ್ನು ಅಡಗಿಸಿ ಉಪಯೋಗವಿರಲಿಲ್ಲ. ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮಿಷನ್ನನ್ನು ಡಬ್ಬಿಗೆ ಹಾಕುತ್ತ, "ನಿಮ್ಮ ಅಣ್ಣನ ಕಾಲು ನೆನಪುಂಟಾ?" ಎಂದಳು. ನನ್ನ ಅಣ್ಣನ ಒಂದು ಕಾಲು ಇದೇ ಶುಗರಿನಲ್ಲಿ ಹೋದದ್ದು. ನಾನು ತಲೆ ತಗ್ಗಿಸಿದೆ. "ಇವತ್ತು ಮಗುವಿಗೆ ನಾನು ತಿನ್ನಿಸ್ತೇನೆ. ನಾಳೆಯ ವಿಷಯ ನಾಳೆ ನೋಡುವ. ನೀವು ಜಗಲಿಗೆ ನಡೀರಿ."

ಅವತ್ತು ಮಗಳಿಗೆ ಡಿಪೋದಲ್ಲಿ ಪಾಳಿ ಇತ್ತು. ನಾನು ಜಗಲಿಯಲ್ಲಿ, ತರಗತಿಯಿಂದ ಹೊರಗೆ ನಿಲ್ಲಿಸಿದ ಹುಡುಗನ ಹಾಗೆ ಕೂತೆ. ಒಳಗೆ ಇಡ್ಲಿ ಪಾತ್ರೆಯ ಸದ್ದು, ನೇಂದ್ರದ ಪರಿಮಳ. ಹೆಂಡತಿ ಚಾಪೆ ಹಾಸಿದ್ದು ಕೇಳಿಸಿತು. ಎಷ್ಟಾದರೂ ನೂರಾರು ಸಣ್ಣ ಮಕ್ಕಳನ್ನು ಪಳಗಿಸಿದವಳು. ಹಾಡಿದಳು, ಕಾಗೆ ತೋರಿಸಿದಳು, ತಾನೂ ಒಂದು ಚಮಚ ತಿಂದು ತೋರಿಸಿದಳು. ಪುಳ್ಳಿ ಬಾಯಿ ತೆರೆಯಲಿಲ್ಲ. ಬಾಗಿಲ ಕಡೆಗೆ ಕತ್ತು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳಂತೆ. ಚಮಚದ ಹಾಲೂ ಬೇಡ. ಹೊತ್ತು ಏರಿತು, ಹಸಿವಿನ ಅಳು ಶುರುವಾಯಿತು. ಎದ್ದು ಹೋಗಲೇ ಎಂದರೆ ಅಣ್ಣನ ಕಾಲು ನೆನಪಾಗುತ್ತದೆ, ಕೂತಿರಲೇ ಎಂದರೆ ಬಸ್ಸಿನ ಅಡಿಯಲ್ಲಿ ಮಲಗಿದ ಮಗಳು ನೆನಪಾಗುತ್ತಾಳೆ.

ಅದೇ ಹೊತ್ತಿಗೆ ಅವಳ ಫೋನೂ ಬಂತು. ಹೆಂಡತಿ ಸ್ಪೀಕರಿಗೆ ಹಾಕಿದಳು. ಮಗುವಿನ ಅಳು ಅವಳಿಗೆ ಕೇಳಿಸದೆ ಇರುತ್ತದೆಯೇ. ಹೆಂಡತಿ ವಿಷಯ ಹೇಳಬೇಕಾಯಿತು, ಹಣ್ಣು, ಶುಗರ್, ಎಲ್ಲ.

ಮಗಳು ತಣ್ಣಗೆ ಹೇಳಿದಳು, "ನನ್ನ ಕೆಲಸಕ್ಕೆ ಅಪ್ಪನ ಕಾಲು ಹೋಗುದು ಬೇಡ ಅಮ್ಮ. ಸಂಜೆ ಸಾಹೇಬ್ರು ಇರ್ತಾರೆ. ಬರೆದು ಕೊಟ್ಟೇ ಬರ್ತೇನೆ. ಬಿಡಿ, ಇನ್ನು ಎಲ್ಲಿಯ ಕೆಲಸ." ಹೇಳಿ ನಕ್ಕಳು. ಬಸ್‌ಸ್ಟ್ಯಾಂಡಿನ ಆ ಹುಡುಗಿಯರ ನಗು. ಅದನ್ನು ನನ್ನ ಮನೆಯ ಜಗಲಿಯಲ್ಲಿ ಕೂತು ಕೇಳಿದೆ.

ಹೆಂಡತಿ ಫೋನನ್ನು ಚಾಪೆಯ ಮೇಲಿಟ್ಟಳು. ಆ ಗಳಿಗೆಯಲ್ಲಿ ಪುಳ್ಳಿ ಅಳು ನಿಲ್ಲಿಸಿ ಬಟ್ಟಲಿಗೆ ಕೈ ಹಾಕಿದಳು. ಒಂದು ಮುಷ್ಟಿ ಹಣ್ಣು ಹಿಡಿದಳು. ಬಾಯಿಗೆ ಹಾಕಿಕೊಳ್ಳಲಿಲ್ಲ. ಮುಷ್ಟಿಯನ್ನು ನೆಲಕ್ಕೆ ಊರಿ, ನೆಲವಿಡೀ ನೇಂದ್ರ ಬಳಿಯುತ್ತ, ಅಂಬೆಗಾಲಿಟ್ಟು ಹೊಸ್ತಿಲು ದಾಟಿ ಜಗಲಿಗೆ ಬಂದಳು. ನನ್ನ ಪಂಚೆ ಹಿಡಿದು ಮೊಣಕಾಲಲ್ಲಿ ನಿಂತು, ಆ ಮುಷ್ಟಿಯನ್ನು ನನ್ನ ತುಟಿಗೆ ಒತ್ತಿದಳು.

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ನಾನು ಬಾಯಿ ಬಿಗಿಹಿಡಿದೆ. ಪುಳ್ಳಿ ಮತ್ತೆ ಒತ್ತಿದಳು. ನಾನು ಮುಖ ಪಕ್ಕಕ್ಕೆ ತಿರುಗಿಸಿದೆ. ಆಗ ಅವಳು ನನ್ನ ಮೀಸೆ ಹಿಡಿದು ಮುಖವನ್ನು ತನ್ನ ಕಡೆಗೆ ಎಳೆದುಕೊಂಡಳು. ಎರಡು ಹಲ್ಲು ಕಾಣುವ ಹಾಗೆ ತನ್ನ ಬಾಯಿ ಅಗಲಿಸಿದಳು.

"ಆ" ಎಂದಳು.

ದಿನಾ ಅದೇ ಹೊತ್ತು, ಅದೇ ಚಾಪೆ, ಅದೇ ಬಟ್ಟಲು ಹಿಡಿದು ನಾನು ಕಲಿಸಿದ ಪಾಠ. ಹೆಂಡತಿಯ ಕಡೆ ನೋಡಿದೆ. ಅವಳ ಕಣ್ಣು ತುಂಬಿತ್ತು, ತುಟಿ ನಗು ತಡೆಯುತ್ತಿತ್ತು.

"ನನ್ನನ್ನು ಎಂತ ನೋಡುದು? ಮಗು ಕೇಳ್ತಾ ಉಂಟಲ್ಲ. ಬಾಯಿ ತೆರೆಯಿರಿ ಮಾರಾಯ್ರೆ."

ತೆರೆದೆ. ಅರ್ಧ ಬಾಯಿಗೆ, ಅರ್ಧ ಮೀಸೆಗೆ ಹೋಯಿತು. ಪುಳ್ಳಿ ನಾನು ನುಂಗುವ ತನಕ ಕಾದು ನೋಡಿದಳು. ಆಮೇಲೆ ಅಜ್ಜಿಯ ಕಡೆಗೆ ತಿರುಗಿ ಬಾಯಿ ತೆರೆದಳು. ಹೆಂಡತಿ ಓಡಿ ಹೋಗಿ ಬ‌ಟ್ಟಲು ತಂದು ನೆಲದಲ್ಲೇ ಕೂತಳು. ಪುಳ್ಳಿಗೊಂದು ತುಂಬು ಚಮಚ. ನನಗೆ ಚಮಚದ ತುದಿಯಲ್ಲಿ ಸಾಸಿವೆಯಷ್ಟು, ತುಟಿಗೆ ಮೆತ್ತಲು ಸಾಕಾಗುವಷ್ಟು. ಪುಳ್ಳಿ ಕುತ್ತಿಗೆ ಚಾಚಿ ನೋಡಿದಳು. ಹಣ್ಣು ಉಂಟು. ಅದೇ ಬಟ್ಟಲಿನದ್ದು. ಅಂಪೈರ್ ಒಪ್ಪಿದಳು. ಅಷ್ಟೇ ಸಾಕು ಎಂದು ನನಗೆ ಯಾಕೆ ಹೊಳೆದಿರಲಿಲ್ಲ ಎಂದು ಹೆಂಡತಿ ಕೇಳಿದಳು. ಹೊಳೆಯುವುದು ನನಗೆ ಬೇಕಾಗಿರಲಿಲ್ಲ, ಅದು ಅವಳಿಗೂ ಗೊತ್ತು.

ಬಟ್ಟಲು ಖಾಲಿಯಾದ ಮೇಲೆ ಅವಳೇ ಮಗಳಿಗೆ ಫೋನ್ ಮಾಡಿದಳು. ಈ ಸಲ ಸ್ಪೀಕರಿಗೆ ಹಾಕಲಿಲ್ಲ, ಆದರೆ ಅವಳ ದನಿ ಟೀಚರ ದನಿ, ಕಬಕದ ಜಂಕ್ಷನ್ನಿಗೇ ಕೇಳಿಸುತ್ತದೆ.

"ಎಂತದೂ ಬರೆದು ಕೊಡ್ಲಿಕ್ಕಿಲ್ಲ. ನೀನು ಬಸ್ಸು ನೋಡು. ಇಲ್ಲಿ ಇಬ್ಬರೂ ತಿಂದ್ರು."